ಮುಂದೆ ನಲವತ್ತಮೂರು, ಹಿಂದೆ ನಲವತ್ತಮೂರು

ಗ್ಯಾರೇಜಿನ ಕೀಲಿಕೈ ಬೇರೆಯವರಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮೇಲೂ ಜನ ನನ್ನನ್ನು ಬಿಟ್ಟಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದರೂ ಯಾರಾದರೂ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ‘ಮಲ್ಲಪ್ಪಕಾಕಾ, ಜೀಪಿಗೆ ಈ ದೊಡ್ಡ ಟೈರ್ ಹಾಕಿದ್ರ ಹೆಂಗ ಕಾಣತೈತಿ?’ ಕಾಣುವುದಕ್ಕೇನು, ಛಲೋ ಕಾಣುತ್ತದೆ. ಮದುಮಗನ ಹಾಗೆ ಕಾಣುತ್ತದೆ. ಆದರೆ ಹೌಸಿಂಗ್ ಒಳಗಿನ ಗೇರಿನ ಹಲ್ಲಿನ ಮಾತನ್ನು ಒಬ್ಬನೂ ಕೇಳುವುದಿಲ್ಲ.

ಅದಕ್ಕೇ ಇದನ್ನು ಬರೆಯಲು ಕುಳಿತೆ. ನಲವತ್ತು ವರ್ಷ ಜೀಪುಗಳ ಕೆಳಗೆ ಮಲಗಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ನಿಮಗೆ ಈಗ ಫೋನಿನಲ್ಲೇ ಸಿಗುತ್ತದೆ. ಉಳಿದ ಕಾಲು ಪಾಲು ನೀಲವ್ವ ಎಂಬ ಹೆಣ್ಣುಮಗಳಿಂದ ಬಂದದ್ದು. ವಾರಕ್ಕೆ ಎರಡು ಸಲ ಬೈಲಹೊಂಗಲಕ್ಕೆ ಡಯಾಲಿಸಿಸ್‌ಗೆ ಬರಬೇಕಾಗಿದ್ದ ಆಕೆ, ಎಷ್ಟೇ ಕೆಸರಿರಲಿ, ಪ್ರತಿ ಸಲ ತನ್ನ ಹೊಲದ ಮನೆಗೇ ಮರಳಿ ಹೋಗಬೇಕೆಂದು ಹಟ ಹಿಡಿದಿದ್ದಳು. ಆ ಹಟ ನಡೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ನಾನು ಅದನ್ನು ಕೆಡಿಸಿದೆ.

ಮೊದಲು ವಿಷಯ ತಿಳಿದುಕೊಳ್ಳಿ, ಆಮೇಲೆ ಕತೆ. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟ್ ಗಾಲಿಗಳ ನಡುವಿನ ಗುಂಡನೆಯ ಹೌಸಿಂಗ್ ಒಳಗೆ ಹೋಗುತ್ತದಲ್ಲ, ಅಲ್ಲಿ ಎರಡು ಗೇರ್ ಇವೆ. ಶಾಫ್ಟಿನ ತುದಿಯ ಚಿಕ್ಕದು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಪಿನಿಯನ್ನಿಗೆ ಎಂಟು, ಕ್ರೌನಿಗೆ ಮೂವತ್ತೊಂಬತ್ತು ಹಲ್ಲು ಇದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಹೆಚ್ಚುಕಡಿಮೆ ಐದು ಸುತ್ತು ತಿರುಗಬೇಕು. ನೀವು ದೊಡ್ಡ ಟೈರ್ ಹಾಕಿದಿರೋ, ಅದೇ ಐದು ಸುತ್ತಿನಲ್ಲಿ ಗಾಡಿಯನ್ನು ಇನ್ನೂ ಹೆಚ್ಚು ದೂರ ಎಳೆಯಬೇಕು. ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಆ ಭಾರ ಇಳಿಸಬೇಕಾದರೆ ಹೆಚ್ಚು ಹಲ್ಲಿನ ಕ್ರೌನ್ ಬೇಕು. ಲೆಕ್ಕ ದೊಡ್ಡದೇನಲ್ಲ, ಸಾಲೆಯಲ್ಲಿ ಕಲಿತ ತ್ರೈರಾಶಿ. ಇಪ್ಪತ್ತೆಂಟು ಇಂಚಿನ ಗಾಲಿಗೆ ಮೂವತ್ತೊಂಬತ್ತು ಹಲ್ಲಾದರೆ ಮೂವತ್ತೊಂದು ಇಂಚಿನ ಗಾಲಿಗೆ ಎಷ್ಟು? ನಲವತ್ತಮೂರು ಮತ್ತು ಒಂದು ಚೂರು. ಚೂರನ್ನು ಬಿಟ್ಟುಬಿಡಿ.

ನನಗೆ ಈ ಕೆಲಸ ಕಲಿಸಿದ ಉಸ್ತಾದ್ ಇಮಾಮಸಾಬರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ತ್ರೈರಾಶಿ ಒಂದು ದಾರದಲ್ಲಿ ಇತ್ತು. ಟೈರಿಗೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗುರುತು ಹಾಕಿ, ಗಾಡಿಯನ್ನು ನೆಲದ ಮೇಲೆ ಒಂದು ಸುತ್ತು ಉರುಳಿಸಿ, ಆ ದೂರವನ್ನು ದಾರದಲ್ಲಿ ಅಳೆದು ಗಂಟು ಹಾಕುತ್ತಿದ್ದರು. ಹಳೆಯ ಟೈರಿಗೆ ಒಂದು ಗಂಟು, ಹೊಸದಕ್ಕೆ ಇನ್ನೊಂದು. ಟೈರಿನ ಮೇಲೆ ಅಚ್ಚಾದ ನಂಬರನ್ನು ಅವರು ನಂಬುತ್ತಲೇ ಇರಲಿಲ್ಲ. ಗಾಡಿಯ ಭಾರ ಬಿದ್ದಾಗ ಟೈರ್ ಎಷ್ಟು ಕುಗ್ಗುತ್ತದೆಂದು ನಂಬರಿಗೆ ಗೊತ್ತಿರುವುದಿಲ್ಲ.

ಹಲ್ಲು ಎಣಿಸುವುದಕ್ಕೆ ಅವರ ಹತ್ತಿರ ಒಂದು ಡಬ್ಬಿ ಜೋಳ ಇತ್ತು. ಕ್ರೌನಿಗೆ ತೆಳ್ಳಗೆ ಗ್ರೀಸ್ ಸವರಿ, ಒಂದೊಂದು ಹಲ್ಲಿನ ಸಂದಿಗೆ ಒಂದೊಂದು ಕಾಳು ಅಂಟಿಸಬೇಕು. ಸುತ್ತು ಮುಗಿದ ಮೇಲೆ ಕಾಳುಗಳನ್ನು ತೆಗೆದು ಹತ್ತು ಹತ್ತರ ಗುಡ್ಡೆ ಮಾಡಬೇಕು. ನಾನು ಆಗ ಮೀಸೆ ಬಂದ ಹೊಸತು. ಕಣ್ಣಿನಲ್ಲೇ ಎಣಿಸುತ್ತೇನೆಂದು ಜಂಬ ಮಾಡುತ್ತಿದ್ದೆ. ‘ಬಾಯಿಲೆ ಎಣಿಸಬ್ಯಾಡೋ ಮಲ್ಯಾ,’ ಎಂದು ಬೆನ್ನಿಗೆ ಒಂದು ಬಿಗಿಯುತ್ತಿದ್ದರು. ‘ನಡುವ ಯಾರರ ಬಂದು ಚಹಾ ಕುಡದಿ ಏನ ಅಂದ್ರ ಎಣಿಕಿ ಹೋತು. ಖಡು ಎಣ್ಣಿಗೆ ಅಳಿಸತೈತಿ. ಕಾಳ ಹಚ್ಚು.’ ಅವರು ತೀರಿಹೋದ ಮೇಲೆ ಆ ಡಬ್ಬಿ ನನಗೆ ಬಂತು. ಪ್ರತಿ ವರ್ಷ ಸುಗ್ಗಿಯಲ್ಲಿ ಹೊಸ ಜೋಳ ತುಂಬುತ್ತಿದ್ದೆ.

ತಪ್ಪುಗಳು ಬೇಕಾದಷ್ಟು ಆಗಿವೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ರಾಮದುರ್ಗದ ಕಡೆ ಕಲ್ಲಿನ ಗಣಿ ನಡೆಸುವವರೊಬ್ಬರು ‘ಜೀಪಿಗೆ ಜೋರ ಬರೂಹಂಗ ಮಾಡ್ರಿ’ ಎಂದರು. ನಾನು ಹುಮ್ಮಸ್ಸಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹಲ್ಲಿನ ಕ್ರೌನ್ ಕೂರಿಸಿದೆ. ಗಣಿಯೊಳಗೆ ಅದು ಮೇಕೆಯ ಹಾಗೆ ಏರಿತು. ಎಂಟು ದಿನ ಬಿಟ್ಟು ಅವರು ಬಂದು ನನ್ನ ಮುಂದೆ ಕುರ್ಚಿ ಎಳೆದು ಕುಳಿತರು. ‘ಮಿಸ್ತ್ರಿ, ಸವದತ್ತಿ ರೋಡಿನ್ಯಾಗ ಪೂರಾ ಎಕ್ಸಿಲೇಟರ್ ಒತ್ತೇನಿ, ಗಾಡಿ ಊರೆಲ್ಲಾ ಕೇಳೂಹಂಗ ಒದರಾಕತ್ತೈತಿ, ಒಬ್ಬ ಸೈಕಲ್ಲಿನವ ಗಂಟಿ ಹೊಡದು ನನ್ನ ಮುಂದ ಹಾದು ಹೋದ.’ ಜೋರು ಕೊಟ್ಟರೆ ವೇಗ ಹೋಗುತ್ತದೆ. ಗಾಡಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಕೇಳಿದ್ದೆ, ದಿನಾ ಎಲ್ಲಿ ಓಡುತ್ತದೆ ಎಂದು ಕೇಳಿರಲಿಲ್ಲ.

ಕಿತ್ತೂರಿನ ಸಾಹುಕಾರರೊಬ್ಬರದು ಬೇರೆ ತರಹ. ಟೈರ್ ಮಾತ್ರ ದೊಡ್ಡದು ಹಾಕಿಸಿದರು, ಹಲ್ಲು ಬದಲಿಸಲು ಒಪ್ಪಲಿಲ್ಲ. ವಾರ ಬಿಟ್ಟು ಬಂದು, ‘ಬೈಲಹೊಂಗಲಕ್ಕ ಕಿತ್ತೂರ ಸಮೀಪ ಬಂದೈತಿ ನೋಡ ಮಲ್ಲಪ್ಪ, ಮೀಟರ್ ಹೇಳಾಕತ್ತೈತಿ,’ ಎಂದರು. ದೊಡ್ಡ ಗಾಲಿ ಕಡಿಮೆ ಸುತ್ತಿನಲ್ಲಿ ದಾರಿ ಮುಗಿಸುತ್ತದೆ, ಮೀಟರ್ ಸುತ್ತು ಎಣಿಸಿ ಕಡಿಮೆ ತೋರಿಸುತ್ತದೆ, ನಲವತ್ತು ತೋರಿಸಿದಾಗ ನೀವು ನಲವತ್ತನಾಲ್ಕರಲ್ಲಿ ಇರುತ್ತೀರಿ, ಬ್ರೇಕ್ ಹಾಕುವಾಗ ನೆನಪಿಡಿ ಎಂದು ಹೇಳಿದೆ. ಸಾಹುಕಾರರು ಅರ್ಧ ಮಾತಿಗೇ ಎದ್ದು ಹೋದರು. ಊರು ಸಮೀಪ ಬಂದ ಸಂತೋಷ ಅವರಿಗೆ ಸಾಕಾಗಿತ್ತು.

ಇಂಥ ತಪ್ಪುಗಳಲ್ಲಿ ನಕ್ಕು ಮುಗಿಯುವಷ್ಟೇ ಇರುತ್ತದೆ. ನೀಲವ್ವನದು ಹಾಗಿರಲಿಲ್ಲ.

ಆಕೆಯ ಗಂಡ ಈರಣ್ಣ ಮುರಗೋಡದ ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡ ರೈತ. ಡಾಂಬರು ಬಿಟ್ಟ ಮೇಲೆ ಅವರ ಮನೆಗೆ ಎರಡೂವರೆ ಮೈಲಿ ಎರೆ ಹೊಲದ ದಾರಿ. ಎರೆ ಮಣ್ಣು ಗೊತ್ತಲ್ಲ, ಒಂದು ಮಳೆ ಬಿದ್ದರೆ ಸಾಕು, ಗಾಲಿಗೆ ಮೆತ್ತಿಕೊಳ್ಳುತ್ತ ಮೆತ್ತಿಕೊಳ್ಳುತ್ತ ಕೊನೆಗೆ ಗಾಲಿ ತಿರುಗುವುದೇ ಇಲ್ಲ. ಈರಣ್ಣ ಒಂದು ಹಳೆಯ ಮಿಲಿಟರಿ ಹರಾಜಿನ, ಬೇಕಾದಾಗ ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಕೊಡುವ ಫೋರ್‌ವ್ಹೀಲ್ ಜೀಪ್ ತೆಗೆದುಕೊಂಡು ನೇರ ನನ್ನ ಗ್ಯಾರೇಜಿಗೆ ಬಂದರು. ಎತ್ತರದ ಟೈರ್ ಹಾಕಬೇಕು, ಜೀಪಿನ ಹೊಟ್ಟೆ ಕೆಸರಿಗೆ ತಾಗಬಾರದು, ಸವದತ್ತಿ ಕಡೆಯ ಏರಿನಲ್ಲೂ ನಿಲ್ಲಬಾರದು ಎಂದರು.

‘ಈರಣ್ಣಾರ, ಊರಾಗ ಒಂದ ಖೋಲಿ ಹಿಡೀರಿ. ದವಾಖಾನಿ ಬಗಲಾಗ ಆಗತೈತಿ. ಇದೆಲ್ಲಾ ತ್ರಾಸ ಯಾಕ?’ ಎಂದೆ.

ಉತ್ತರ ಕೊಟ್ಟದ್ದು ಜೀಪಿನಲ್ಲಿ ಕುಳಿತಿದ್ದ ನೀಲವ್ವ. ಐವತ್ತರ ಆಸುಪಾಸಿನ ಹೆಂಗಸು. ಸೂಜಿ ಚುಚ್ಚುವ ಎಡಗೈ ಉಬ್ಬಿಕೊಂಡಿತ್ತು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

‘ಅಣ್ಣಾರ, ಸೂಜಿ ಚುಚ್ಚಿಸ್ಕೋತೇನಿ. ನೀರು ಲೋಟದಾಗ ಅಳದು ಕುಡೀತೇನಿ. ಡಾಕ್ಟರ್ ಹೇಳಿದ್ದೆಲ್ಲಾ ಕೇಳತೇನಿ. ಮಲಗೂದು ಮಾತ್ರ ನನ್ನ ಮನ್ಯಾಗ. ಖೋಲ್ಯಾಗ ಮಲಗಿದ್ರ ನಾ ಪೇಶಂಟ್ ಆಗತೇನಿ. ಮನ್ಯಾಗ ಮಲಗಿದ್ರ ನೀಲವ್ವ ಇರತೇನಿ. ಅದೊಂದು ನಡಸಿಕೊಡ್ರಿ.’

ಆತು ಎಂದೆ.

ಜೀಪಿಗೆ ಇದ್ದದ್ದು ಇಪ್ಪತ್ತೆಂಟು ಇಂಚಿನ ಗಾಲಿ, ಮುಂದೊಂದು ಹಿಂದೊಂದು ಎರಡೂ ಹೌಸಿಂಗಿನಲ್ಲಿ ಮೂವತ್ತೊಂಬತ್ತು ಹಲ್ಲು. ಮೂವತ್ತೊಂದು ಇಂಚಿಗೆ ನಲವತ್ತಮೂರು ಬೇಕು. ಗುಜರಿಯಲ್ಲಿ ಹುಡುಕಿ ಎರಡು ಜೋಡಿ ತಂದೆ. ಒಂದೇ ಬಣ್ಣದ ತುಕ್ಕು, ಒಂದೇ ಗಾತ್ರ, ಎರಡಕ್ಕೂ ಎಂಟು ಹಲ್ಲಿನ ಪಿನಿಯನ್. ಗುಜರಿಯವನು ‘ಎರಡೂ ಒಂದ ಗಾಡೀವು’ ಎಂದಿದ್ದ. ಮೊದಲ ಕ್ರೌನಿಗೆ ಕಾಳು ಹಚ್ಚಿ ಎಣಿಸಿದೆ, ನಲವತ್ತಮೂರು ಬಂತು, ಹಿಂದಿನ ಹೌಸಿಂಗಿಗೆ ಕೂರಿಸಿದೆ. ಮರುದಿನ ನೀಲವ್ವನ ಡಯಾಲಿಸಿಸ್ ಇತ್ತು. ಬೇಗ ಮುಗಿಸಬೇಕೆಂಬ ಆತುರ. ಎರಡನೆಯದರ ಪಿನಿಯನ್ ಮಾತ್ರ ನೋಡಿದೆ, ಎಂಟು ಇತ್ತು. ಎಂಟಕ್ಕೆ ಎಂಟು ಸರಿ ಇದ್ದರೆ ಕ್ರೌನೂ ಅದೇ ಇರುತ್ತದೆ ಎಂದುಕೊಂಡೆ. ಜೋಳದ ಡಬ್ಬಿ ತೊಡೆಯ ಪಕ್ಕದಲ್ಲೇ ಇತ್ತು. ಅದರ ಮುಚ್ಚಳ ಹಾಕಿದ್ದು ನನಗೆ ಇವತ್ತಿಗೂ ನೆನಪಿದೆ.

ಮುಂದಿನ ಹೌಸಿಂಗಿಗೆ ಹೋದದ್ದು ಮೂವತ್ತೊಂಬತ್ತು ಹಲ್ಲಿನದು. ಅಂದರೆ ಫೋರ್‌ವ್ಹೀಲ್ ಹಾಕಿದಾಗ ಮುಂದಿನ ಗಾಲಿ ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ಓಡಲು ಜಗ್ಗಾಡುತ್ತವೆ. ಕೆಸರಿನಲ್ಲಿ ಇದು ತಿಳಿಯುವುದಿಲ್ಲ, ಗಾಲಿ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ನಾನು ಪರೀಕ್ಷೆ ಮಾಡಿದ್ದೂ ಗ್ಯಾರೇಜಿನ ಹಿಂದಿನ ಕೆಸರಿನಲ್ಲೇ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗ ಇರುವುದಿಲ್ಲ. ಆ ಜಗ್ಗಾಟವೆಲ್ಲ ನಡುವಿನ ಗೇರ್ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಮರುದಿನ ಬೆಳಿಗ್ಗೆ ಜೀಪ್ ಎರಡೂವರೆ ಮೈಲಿ ಕೆಸರನ್ನು ಬೆಣ್ಣೆಯಲ್ಲಿ ಚಾಕು ಹೋದಂತೆ ದಾಟಿತು ಎಂದು ಈರಣ್ಣ ಆಮೇಲೆ ಹೇಳಿದರು. ಡಾಂಬರಿಗೆ ಬಂದು ಫೋರ್‌ವ್ಹೀಲ್ ತೆಗೆಯಲು ಹೋದರೆ ಲಿವರ್ ಬರಲೇ ಇಲ್ಲ. ಬಿಗಿದುಕೊಂಡಿತ್ತು. ಹೆಂಡತಿಗೆ ಹೊತ್ತಾಗುತ್ತದೆಂದು ಹಾಗೇ ಮುಂದೆ ಓಡಿಸಿದರು. ಒಂದು ಮೈಲಿ ಹೋಗುವಷ್ಟರಲ್ಲಿ ಧಡ್ ಎಂದು ಪೆಟ್ಟಿಗೆಯೊಳಗಿನ ಗೇರ್ ಒಡೆಯಿತು. ಒಡೆದ ಚೂರು ಸಿಕ್ಕಿಕೊಂಡು ಜೀಪ್ ಹಿಂದೂ ಇಲ್ಲ, ಮುಂದೂ ಇಲ್ಲ. ಹಾಲಿನ ಗಾಡಿಯೊಂದು ನೀಲವ್ವನನ್ನು ಕೂರಿಸಿಕೊಂಡು ಬೈಲಹೊಂಗಲಕ್ಕೆ ಮುಟ್ಟಿಸಿತು. ಅಷ್ಟರಲ್ಲಿ ಆಕೆಯ ಪಾಳಿ ಹೋಗಿತ್ತು. ಸಂಜೆಯ ಪಾಳಿಗೆ ಕಾಯಬೇಕಾಯಿತು, ಕಾಲು ಬಾತುಕೊಂಡು, ಉಸಿರು ಸಣ್ಣದಾಗಿ.

ಫೋನ್ ಬಂದಾಗ ನಾನು ಓಡಿದ್ದು ಜೀಪಿನ ಹತ್ತಿರ. ಆಕೆಯ ಹತ್ತಿರ ಅಲ್ಲ. ಟ್ರ್ಯಾಕ್ಟರ್ ಕಟ್ಟಿ ಜೀಪನ್ನು ಗ್ಯಾರೇಜಿಗೆ ಎಳೆಸಿದೆ, ಪೆಟ್ಟಿಗೆ ಬಿಚ್ಚಿದೆ, ಮುಂದಿನ ಹೌಸಿಂಗ್ ಬಿಚ್ಚಿದೆ, ಕ್ರೌನಿಗೆ ಕಾಳು ಹಚ್ಚಿದೆ. ಹತ್ತರ ಮೂರು ಗುಡ್ಡೆಯಾಯಿತು, ನಾಲ್ಕನೆಯದಕ್ಕೆ ಒಂದು ಕಾಳು ಕಡಿಮೆ ಬಿತ್ತು. ನೆಲದ ಮೇಲೆ ಆ ಒಂಬತ್ತು ಕಾಳು ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಉಸ್ತಾದರು ಇದ್ದಿದ್ದರೆ ಬೆನ್ನಿಗೆ ಬಿಗಿಯುತ್ತಿದ್ದರು. ಅವತ್ತು ಆ ಪೆಟ್ಟು ಬಿದ್ದಿದ್ದರೆ ಹಗುರಾಗುತ್ತಿತ್ತು.

ಸಂಜೆ ದವಾಖಾನೆಗೆ ಹೋದೆ. ನೀಲವ್ವ ಮಷಿನ್ನಿನ ಪಕ್ಕ ಮಲಗಿದ್ದಳು. ಈರಣ್ಣ ಹೊರಗಿನ ಬೆಂಚಿನ ಮೇಲಿದ್ದರು.

‘ಖೋಲಿ ನೋಡಿ ಬಂದೇನ್ರಿ,’ ಎಂದರು. ‘ದೊಡ್ಡ ಗಾಲಿ ಹಾಕಿದ್ದ ತಪ್ಪಾತು. ಹಳೇ ಗಾಡಿ ತಡೀಲಿಲ್ಲ.’

ಹೌದ್ರಿ, ಹಳೇ ಗಾಡಿ ಎಂದು ನಾನು ಒಂದು ಮಾತು ಕೂಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಾಗೆ ಅಂದರೆ ಆ ಹೆಣ್ಣುಮಗಳು ಖೋಲಿಯಲ್ಲೇ ಉಳಿಯುತ್ತಿದ್ದಳು. ಈರಣ್ಣನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಇಬ್ಬರ ಮುಂದೆಯೂ ಹೇಳಿದೆ. ‘ಗಾಲೀದು ತಪ್ಪಲ್ರಿ. ಜೀಪಿಂದೂ ತಪ್ಪಲ್ಲ. ನಾ ಹಿಂದಿನ ಹಲ್ಲ ಎಣಿಸಿದೆ, ಮುಂದಿನವು ಎಣಿಸಲಿಲ್ಲ. ತಪ್ಪು ನಂದು.’

ಈರಣ್ಣ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತರು. ಅವರು ಬೈದಿದ್ದರೆ ಚೆನ್ನಾಗಿತ್ತು.

‘ಎಷ್ಟ ಹಲ್ಲ ಫರಕ ಬಂತ್ರಿ?’ ಎಂದು ಕೇಳಿದ್ದು ನೀಲವ್ವ.

‘ನಾಕು.’

‘ನಾಕ ಹಲ್ಲಿನ ಸಲುವಾಗಿ ನನ್ನ ಖೋಲ್ಯಾಗ ಹಾಕಾಕ ಹೊಂಟೀರೇನು ಇಬ್ಬರೂ?’ ಅಷ್ಟು ದಣಿದಿದ್ದರೂ ಆಕೆಯ ತುಟಿಯಲ್ಲಿ ನಗೆ ಇತ್ತು. ‘ಗಾಡಿ ಸರಿ ಮಾಡ್ರಿ ಅಣ್ಣಾರ. ಈ ಸಲ ಹಲ್ಲ ನೀವು ಎಣಿಸೂದ ಬ್ಯಾಡ. ನಾ ಬಂದ ಕುಂತ ಎಣಸ್ತೇನಿ.’

‘ಇನ್ನೊಮ್ಮೆ ಹಿಂಗಾದ್ರ ಖೋಲೀನ ಗತಿ,’ ಎಂದರು ಈರಣ್ಣ ಗೋಡೆಗೆ.

ನಲವತ್ತಮೂರರ ಇನ್ನೊಂದು ಜೋಡಿಗಾಗಿ ನಾನು ಹನ್ನೆರಡು ದಿನ ಅಲೆದೆ. ಅಷ್ಟು ದಿನವೂ ಆಕೆ ಖೋಲಿಯಲ್ಲೇ ಇದ್ದಳು. ಕೊನೆಗೆ ಜೋಡಿ ಸಿಕ್ಕಿತು, ಒಡೆದ ಪೆಟ್ಟಿಗೆಗೆ ಬೇಕಾದ ಗೇರೂ ಸಿಕ್ಕಿತು. ಡಯಾಲಿಸಿಸ್ ಇಲ್ಲದ ಒಂದು ದಿನ ನೀಲವ್ವ ಗ್ಯಾರೇಜಿಗೆ ಬಂದು ಕುರ್ಚಿಯಲ್ಲಿ ಕುಳಿತಳು. ಕ್ರೌನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗ್ರೀಸ್ ಸವರಿ, ಸ್ಟೂಲಿನ ಮೇಲೆ ಆಕೆಯ ಮುಂದೆ ಇಟ್ಟೆ. ಎಡಗೈಗೆ ಭಾರ ಬೀಳಬಾರದೆಂದು ನಾನು ಕ್ರೌನ್ ಹಿಡಿದು ತಿರುಗಿಸುತ್ತ ಹೋದೆ. ಆಕೆ ಬಲಗೈಯಿಂದ ಒಂದೊಂದೇ ಕಾಳು ಅಂಟಿಸುತ್ತ ಹೋದಳು. ಜೀವಮಾನವೆಲ್ಲ ಮೊರದಲ್ಲಿ ಜೋಳ ಹಸನು ಮಾಡಿದ ಬೆರಳು. ನನ್ನ ಕೈಗಿಂತ ಬೇಗ ನಡೆಯುತ್ತಿತ್ತು.

ಗುಡ್ಡೆ ಮಾಡಿ ಎಣಿಸಿದರೆ ನಲವತ್ತೆರಡು ಬಂತು. ಆಕೆ ಸೆರಗು ಜಾಡಿಸಿದಳು, ಒಂದು ಕಾಳು ಕೆಳಗೆ ಬಿತ್ತು.

‘ಇಲ್ಲೈತಿ ನೋಡ್ರಿ. ಮುಖ ಯಾಕ ಹಂಗ ಬಿಳುಚಿತು?’ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ‘ಮತ್ತೊಮ್ಮೆ ಹಚ್ಚೂಣು. ಬಿದ್ದ ಕಾಳ ಲೆಕ್ಕಕ್ಕ ಹಿಡೀಬಾರದು,’ ಎಂದಳು. ಉಸ್ತಾದರ ಬಾಯಿಂದ ಬರಬೇಕಾದ ಮಾತು ಆಕೆಯ ಬಾಯಿಂದ ಬಂತು. ಎರಡನೆಯ ಸಲ ನಲವತ್ತಮೂರು. ಹಿಂದಿನ ಹೌಸಿಂಗನ್ನೂ ಬಿಚ್ಚಿಸಿ, ಕ್ರೌನ್ ಹೊರತೆಗೆಸಿ, ಅದನ್ನೂ ಎಣಿಸಿಯೇ ಎದ್ದಳು. ಅದೂ ನಲವತ್ತಮೂರು.

ಆ ಸಂಜೆ ಎರಡನ್ನೂ ಕೂರಿಸಿ, ಗಟ್ಟಿ ರಸ್ತೆಗೆ ಒಯ್ದು, ಫೋರ್‌ವ್ಹೀಲ್ ಹಾಕಿ ಒಂದಿಷ್ಟು ದೂರ ಓಡಿಸಿ ಲಿವರ್ ಎಳೆದೆ. ಎರಡು ಬೆರಳಿಗೆ ಬಂತು. ಮರುದಿನ ನೀಲವ್ವ ಮನೆಗೆ ಹೋದಳು.

ನಾಲ್ಕು ಮಳೆಗಾಲ ಆ ಜೀಪ್ ವಾರಕ್ಕೆ ಎರಡು ಸಲ ಬಂತು, ಎರಡು ಸಲ ಹೋಯಿತು. ಮುರಗೋಡ ರಸ್ತೆಯಲ್ಲಿ ಬರುವಾಗಲೇ ಅದರ ದನಿ ನನಗೆ ಗೊತ್ತಾಗುತ್ತಿತ್ತು. ಕೆಳಗೆ ಮಲಗಿದ್ದರೂ ತಲೆ ಹೊರಗೆ ಹಾಕುತ್ತಿದ್ದೆ. ಆಕೆ ಬಲಗೈ ಎತ್ತುತ್ತಿದ್ದಳು. ಕೆಲವು ಸಲ ‘ಮುಂದಿನ ಹಲ್ಲ ಅದಾವೇನ್ರಿ ಅಣ್ಣಾರ?’ ಎಂದು ಕೂಗುತ್ತಿದ್ದಳು. ‘ನಿಮ್ಮವು ಅದಾವೇನ ನೋಡ್ಕೋರಿ ತಂಗಿ,’ ಎಂದು ನಾನೂ ಕೂಗುತ್ತಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಸುಖ ಸಿಕ್ಕಿಲ್ಲ.

ಹೋದ ಸುಗ್ಗಿಯಲ್ಲಿ ನೀಲವ್ವ ತೀರಿಕೊಂಡಳು. ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಬೆಳಗಿನ ಹೊತ್ತು. ಆಕೆಯನ್ನು ಮಣ್ಣು ಮಾಡಲು ಹೋದಾಗ ನೋಡಿದೆ, ಎರಡೂವರೆ ಮೈಲಿಯೂ ದಾರಿ ಒಣಗಿ ಗಟ್ಟಿಯಾಗಿತ್ತು. ಯಾವ ಗಾಡಿಯಾದರೂ ಹೋಗುತ್ತಿತ್ತು.

ಒಂದು ತಿಂಗಳ ಮೇಲೆ ಈರಣ್ಣ ಜೀಪ್ ತಂದರು. ನಾನು ಗ್ಯಾರೇಜ್ ಬಿಡುವ ವಾರ ಅದು. ಹಳೆಯ ಸಣ್ಣ ಗಾಲಿ ಹಿಂದೆ ಹಾಕಿಕೊಂಡು ಬಂದಿದ್ದರು.

‘ಮೊದಲ ಇದ್ದಂಗ ಮಾಡಿಬಿಡ್ರಿ,’ ಎಂದರು. ‘ಹಳೇ ಹಲ್ಲ ಹಾಕ್ರಿ, ಹಳೇ ಗಾಲಿ ಹಾಕ್ರಿ. ಇನ್ನ ಯಾರಿಗೆ ಬೇಕು.’

ಎಣ್ಣೆ ಇಳಿಸಿ ಮುಂದಿನ ಹೌಸಿಂಗ್ ಬಿಚ್ಚಿದೆ, ಹಿಂದಿನದನ್ನೂ ಬಿಚ್ಚಿದೆ. ಎರಡೂ ಕ್ರೌನ್ ಹೊರತೆಗೆದು ಒರೆಸಿದೆ. ಆಮೇಲೆ ಯಾಕೋ ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಗ್ರೀಸ್ ಸವರಿ ಕಾಳು ಹಚ್ಚಲು ಶುರು ಮಾಡಿದೆ. ಈರಣ್ಣ ಆಕೆ ಕುಳಿತಿದ್ದ ಕುರ್ಚಿಯಲ್ಲೇ ಕುಳಿತಿದ್ದರು.

‘ಬಿಚ್ಚಿ ಒಗಿಯೂದನ್ನ ಎಣಸಾಕತ್ತೀರಿ ಯಾಕ?’ ಎಂದರು.

‘ಆಕಿ ಎಣಿಸಿದ್ದು ನೋಡಾಕ.’

ಅವರು ಎದ್ದು ಬಂದು ನನ್ನ ಪಕ್ಕ ನೆಲಕ್ಕೆ ಕುಳಿತರು. ಒಂದು ಕ್ರೌನ್ ಮುಗಿಯುವವರೆಗೆ ನೋಡಿದರು. ಎರಡನೆಯದನ್ನು ತಾವೇ ಹಿಡಿದು ತಿರುಗಿಸಿಕೊಟ್ಟರು. ನಾನು ಕಾಳುಗಳನ್ನು ತೆಗೆದು ಗುಡ್ಡೆ ಮಾಡಿದೆ.

‘ಸರಿ ಅದಾವೇನ್ರಿ?’

‘ಸರಿ ಅದಾವ್ರಿ. ಮುಂದ ನಲವತ್ಮೂರು, ಹಿಂದ ನಲವತ್ಮೂರು.’

ಈರಣ್ಣ ಆ ಗುಡ್ಡೆಗಳನ್ನು ತುಂಬಾ ಹೊತ್ತು ನೋಡಿದರು. ಅಂಗೈಯಿಂದ ಕಣ್ಣು ಒರೆಸಿಕೊಂಡರು, ಕೆನ್ನೆಗೆ ಗ್ರೀಸ್ ಹತ್ತಿತು.

‘ಹಂಗಾರ ಅವನ್ನ ಹಾಕಿ ಮುಚ್ಚಿಬಿಡ್ರಿ,’ ಎಂದರು. ‘ಮಳಿ ಬಂದ್ರ ನಾನೂ ಮನಿಗಿ ಹೋಗಬೇಕಲ್ಲ.’

ಎರಡೂ ಕ್ರೌನ್ ಮತ್ತೆ ಕೂರಿಸಿ, ಹೊಸ ಎಣ್ಣೆ ತುಂಬಿ ಮುಚ್ಚಿದೆ. ನಾನು ಮಾಡಿದ ಕೊನೆಯ ಕೆಲಸ ಅದು.